ಅಪ್‌ಡೇಟ್: 17ನೇ ಡಿಸ್ಕಿಗೆ 65 ಯಾಕೆ ಬಂತು ಅಂತ ಗೊತ್ತಾಯ್ತು

ಹೋದ ವಾರ ಕೇಳಿದ್ದೆನಲ್ಲ, ಹುಬ್ಬಳ್ಳಿ ವಿದ್ಯಾನಗರದ ನಮ್ಮ ಆಫೀಸಿನ ಲಿನಕ್ಸ್ ಸರ್ವರ್‌ಗೆ 28 ಡಿಸ್ಕ್ ಹಾಕಿದ್ದೀವಿ, 16ರ ತನಕ ಮೇಜರ್ ನಂಬರ್ (ಯಾವ ಡ್ರೈವರ್ ಆ ಡಿಸ್ಕನ್ನು ನೋಡಿಕೊಳ್ಳುತ್ತೆ ಅಂತ ಹೇಳೋ ನಂಬರ್) 8 ಇದೆ, 17ನೇದಕ್ಕೆ (ಲಿನಕ್ಸ್ ಕೊಟ್ಟ ಹೆಸರು ಎಸ್‌ಡಿಕ್ಯೂ) ಇದ್ದಕ್ಕಿದ್ದಂತೆ 65 ತೋರಿಸ್ತಿದೆ, ಡಿಸ್ಕ್ ಜೋಡಿಸೋ ಕಾರ್ಡ್ ಕೆಟ್ಟಿದೆಯಾ ಅಂತ? ಏನೂ ಕೆಟ್ಟಿಲ್ಲ. ಸುಮ್ನೆ ಎರಡು ರಾತ್ರಿ ನಿದ್ದೆಗೆಟ್ಟೆ.

ಲೆಕ್ಕ ಹೀಗಿದೆ. ಹಳೇ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳಲ್ಲಿ) ಒಂದು ಮೇಜರ್‌ಗೆ 256 ಮೈನರ್ ನಂಬರ್ (ಆ ಮೇಜರ್ ಒಳಗೆ ಯಾವ ಡಿಸ್ಕ್, ಯಾವ ಭಾಗ ಅಂತ ಹೇಳೋದು) ಮಾತ್ರ ಇದ್ದವು. ಒಂದೊಂದು ಡಿಸ್ಕಿಗೆ 16 ಮೀಸಲು, ಇಡೀ ಡಿಸ್ಕಿಗೆ ಒಂದು, ಅದರೊಳಗಿನ ಪಾರ್ಟಿಶನ್‌ಗಳಿಗೆ (ಭಾಗಗಳಿಗೆ) 15. ಅಂದ್ರೆ 16 ಡಿಸ್ಕಿಗೇ ಬಸ್ ಫುಲ್! ಅದಕ್ಕೇ 8 ಆದಮೇಲೆ 65ರಿಂದ 71, ಆಮೇಲೆ 128ರಿಂದ 135, ಒಟ್ಟು 16 ಮೇಜರ್, 256 ಡಿಸ್ಕ್. 2.6 ಕರ್ನಲ್‌ನಲ್ಲಿ ಮೈನರ್‌ಗೆ 20 ಬಿಟ್ ಸಿಕ್ಕಿತು, ಈಗ ಅದಕ್ಕಿಂತ ಜಾಸ್ತಿ ಡಿಸ್ಕ್ ಹಾಕಿದರೂ ನಡೆಯುತ್ತದೆ. ಆದರೂ ಹಳೇ ನಂಬರ್‌ಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ. ನಮ್ಮ 27ನೇ ಡಿಸ್ಕ್ ಎಸ್‌ಡಿಎಎ, ಅದು ಮೇಜರ್ 65, ಮೈನರ್ 160. ಕೂತು ಲೆಕ್ಕ ಹಾಕಿ ನೋಡಿದೆ, ಸರಿಯಾಗಿ ಬಂತು, ಖುಷಿಗೆ ಒಂದು ಪ್ಲೇಟ್ ಗಿರ್ಮಿಟ್ ತಿಂದೆ.

ನಿಜವಾದ ತಪ್ಪು ನನ್ನದೇ. ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅಂತ ಹೇಳೋ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಎಸ್‌ಡಿಕ್ಯೂ ಅಂತ ಹೆಸರೇ ಬರೆದಿದ್ದೆ. ಕರೆಂಟ್ ಹೋಗಿ ಬಂದಮೇಲೆ ಡಿಸ್ಕ್‌ಗಳು ಸಿಕ್ಕ ಕ್ರಮ ಬದಲಾಗಿ ಬ್ಯಾಕಪ್ ಬೇರೆ ಡಿಸ್ಕಿಗೆ ಹೋಯ್ತು. ಈಗ ಎಲ್ಲದಕ್ಕೂ ಯುಯುಐಡಿ (ಕ್ರಮ ಬದಲಾದರೂ ಬದಲಾಗದ ಗುರುತಿನ ಸಂಖ್ಯೆ) ಹಾಕಿದ್ದೀನಿ, ಟ್ರೇ ಮೇಲೆ ಸೀರಿಯಲ್ ನಂಬರ್ ಚೀಟಿ ಅಂಟಿಸಿದ್ದೀನಿ. ಮೂರು ಸಲ ರೀಬೂಟ್ ಮಾಡಿದೆ, ಹೆಸರು ಎರಡು ಸಲ ಬದಲಾದವು, ಬ್ಯಾಕಪ್ ಮಾತ್ರ ಸರಿಯಾದ ಜಾಗಕ್ಕೇ ಹೋಯ್ತು.