ವಿದೇಶಿ ಕರೆನ್ಸಿ ವಹಿವಾಟು: ಹೊಸಬರು ಮೊದಲು ತಿಳಿಯಬೇಕಾದದ್ದೇನು?

ಬಣ್ಣದ_ಬುಗುರಿ: ನಮಸ್ಕಾರ. ಚನ್ನಪಟ್ಟಣದ ಮರದ ಆಟಿಕೆಗಳನ್ನು ಹೊರದೇಶಕ್ಕೆ ಕಳುಹಿಸುವ ಸಣ್ಣ ಘಟಕ ನಮ್ಮದು. ಮೂರು ತಿಂಗಳ ನಂತರ 10,000 ಡಾಲರ್ ಬರಬೇಕಿದ್ದು, ಅಷ್ಟರಲ್ಲಿ ಡಾಲರ್ ದರ ಇಳಿದರೆ ನಮ್ಮ ಲಾಭವೇ ಕರಗಿಹೋಗುತ್ತದೆ. ಕಟ್ಟಿದ ಹಣದ ನೂರು ಪಟ್ಟು ಮೊತ್ತಕ್ಕೆ ಯೂರೋ–ಡಾಲರ್ ವಹಿವಾಟು ಮಾಡಬಹುದೆಂದು ಟೆಲಿಗ್ರಾಂ ಗುಂಪೊಂದರಲ್ಲಿ ಆ್ಯಪ್ ಒಂದರ ಪ್ರಚಾರ ನೋಡಿದೆ. ಅದನ್ನು ಕಲಿಯುವುದರಿಂದ ನನಗೆ ಪ್ರಯೋಜನವಿದೆಯೇ?

ಲೆಕ್ಕಪತ್ರ: ದಯವಿಟ್ಟು ಆ ಆ್ಯಪ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ನೂರು ಪಟ್ಟು ಎಂದರೆ ದರವು ನಿಮಗೆ ವಿರುದ್ಧವಾಗಿ ಶೇ. 1ರಷ್ಟು ಸರಿದರೂ ಕಟ್ಟಿದ ಹಣ ಪೂರ್ತಿ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) ಪ್ರಕಾರ ಭಾರತದ ನಿವಾಸಿಗಳು ಅಧಿಕೃತ ಸಂಸ್ಥೆಗಳೊಡನೆ, ಅನುಮತಿಯಿರುವ ಉದ್ದೇಶಗಳಿಗೆ ಮಾತ್ರ ವಿದೇಶಿ ವಿನಿಮಯ ವ್ಯವಹಾರ ನಡೆಸಬಹುದು. ಅನಧಿಕೃತ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರಿಂದ ಪ್ರಕಟಿಸುತ್ತಿದೆ. ಅದರಲ್ಲಿ ಹೆಸರಿಲ್ಲದ ಮಾತ್ರಕ್ಕೆ ಆ್ಯಪ್ ಅಧಿಕೃತವಾಗುವುದಿಲ್ಲ.

ಷೇರುಪೇಟೆ_ಹಳಬ: ಕಾನೂನುಬದ್ಧ ದಾರಿಯೆಂದರೆ ಷೇರು ವಿನಿಮಯ ಕೇಂದ್ರದ ಕರೆನ್ಸಿ ಫ್ಯೂಚರ್ಸ್, ಅಂದರೆ ಮುಂದಿನ ದಿನಾಂಕದ ಕರೆನ್ಸಿ ದರವನ್ನು ಇಂದೇ ನಿಗದಿಪಡಿಸುವ ಕರಾರು. ಇದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ (ಎನ್‌ಎಸ್‌ಇ) 2008ರ ಆಗಸ್ಟ್‌ನಲ್ಲಿ ಆರಂಭವಾಯಿತು. ಡಾಲರ್–ರೂಪಾಯಿಯ ಒಂದು ಲಾಟ್ (ಒಂದು ಕರಾರಿನ ಪ್ರಮಾಣ) ಎಂದರೆ 1,000 ಡಾಲರ್. ದರದ ಅತಿ ಚಿಕ್ಕ ಏರಿಳಿತ 0.0025 ರೂಪಾಯಿ, ಅಂದರೆ ಲಾಟ್‌ಗೆ ಎರಡೂವರೆ ರೂಪಾಯಿ. ಉದಾಹರಣೆಗೆ, ನೀವು 85ರ ದರದಲ್ಲಿ ಹತ್ತು ಲಾಟ್ ಮಾರಿದ್ದೀರಿ, ದರ 84ಕ್ಕೆ ಇಳಿಯಿತು ಎನ್ನೋಣ: ಆಟಿಕೆಯ ಹಣದಲ್ಲಿ ಕಡಿಮೆಯಾಗುವ 10,000 ರೂಪಾಯಿ ಫ್ಯೂಚರ್ಸ್‌ನಲ್ಲಿ ಹೆಚ್ಚೂಕಡಿಮೆ ಹಾಗೆಯೇ ಸಿಗುತ್ತದೆ. ದರ 86ಕ್ಕೆ ಏರಿದರೆ ಆ ಹೆಚ್ಚಳ ನಿಮಗೆ ದಕ್ಕುವುದಿಲ್ಲ. ಹೊಸಬರು ಎಡವುವುದು ಇನ್ನೊಂದು ಕಡೆ: ಲಾಭನಷ್ಟದ ಲೆಕ್ಕ ಪ್ರತಿದಿನವೂ ಚುಕ್ತಾ ಆಗುವುದರಿಂದ, ಡಾಲರ್ ಕೈಸೇರುವುದು ಮೂರು ತಿಂಗಳ ನಂತರವಾದರೂ ನಷ್ಟದ ಹಣವನ್ನು ಇಂದೇ ತುಂಬಬೇಕಾಗುತ್ತದೆ.

ಬಣ್ಣದ_ಬುಗುರಿ: ಧನ್ಯವಾದಗಳು. ರಫ್ತು ವ್ಯವಹಾರವಿಲ್ಲದ ನನ್ನ ತಮ್ಮನೂ ಇದರಲ್ಲಿ ತೊಡಗಬಹುದೇ?

ಲೆಕ್ಕಪತ್ರ: ಇಲ್ಲ. ರೂಪಾಯಿ ಒಳಗೊಂಡ ಈ ಕರಾರುಗಳಿಗೆ ನಿಜವಾದ ವಿದೇಶಿ ವಿನಿಮಯದ ಬಾಧ್ಯತೆ ಅಥವಾ ಆದಾಯ ಇರಲೇಬೇಕು. 10 ಕೋಟಿ ಡಾಲರ್‌ವರೆಗೆ ದಾಖಲೆ ತೋರಿಸಬೇಕಿಲ್ಲವಾದರೂ ವ್ಯವಹಾರ ಇರಬೇಕೆಂಬ ಷರತ್ತಿನಿಂದ ವಿನಾಯಿತಿಯಿಲ್ಲವೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದೆ; ಆ ನಿರ್ದೇಶನ 2024ರ ಮೇ 3ರಿಂದ ಜಾರಿಯಲ್ಲಿದೆ.

ನಿಮ್ಮ ಮಟ್ಟಿಗೆ, ದಿನವೂ ಹಣ ಹೊಂದಿಸುವ ತಾಪತ್ರಯವಿಲ್ಲದ ಕಾರಣ ನಿಮ್ಮ ಬ್ಯಾಂಕಿನಲ್ಲೇ ಫಾರ್ವರ್ಡ್ (ಮುಂದೆ ಬರುವ ಡಾಲರ್‌ಗೆ ಬ್ಯಾಂಕಿನೊಡನೆ ಇಂದೇ ದರ ನಿಗದಿಪಡಿಸಿಕೊಳ್ಳುವ ಕರಾರು) ಬುಕ್ ಮಾಡುವುದು ಲೇಸು. ಖರೀದಿದಾರರು ಹಣ ಕಳುಹಿಸಲು ತಡಮಾಡಿದರೆ ಅವಧಿ ವಿಸ್ತರಣೆಗೆ ಎಷ್ಟು ವೆಚ್ಚವಾಗುತ್ತದೆಂಬುದನ್ನು ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.