ಪಿಎ ಓದುತ್ತಿದ್ದೇನೆ: ಪರೀಕ್ಷೆ, ಪೋಸ್ಟಿಂಗ್ ಎರಡನ್ನೂ ನೀವು ಹೇಗೆ ನಿಭಾಯಿಸಿದಿರಿ?

ಕೇಳಿದವರು:
ಫಿಸಿಷಿಯನ್ ಅಸಿಸ್ಟೆಂಟ್ (ಪಿಎ, ಅಂದರೆ ಡಾಕ್ಟರ ಜೊತೆ ಪೇಷಂಟ್ ನೋಡುವ ಸಹಾಯಕ) ಕೋರ್ಸಿನಲ್ಲಿದ್ದೇನೆ. ಕ್ಲಾಸುಗಳು ಮುಗಿದು ಈಗ ಪೋಸ್ಟಿಂಗ್ ಶುರುವಾಗಿದೆ. ಹಗಲೆಲ್ಲ ವಾರ್ಡಿನಲ್ಲಿ ನಿಂತು ಬಂದು ರಾತ್ರಿ ಪುಸ್ತಕ ಹಿಡಿದರೆ ಅರ್ಧ ಪುಟಕ್ಕೇ ಕಣ್ಣು ಎಳೆಯುತ್ತದೆ. ಮುಂದೆ ಥಿಯರಿ ಇದೆ, ಆಸ್ಕಿ (ಸ್ಟೇಷನ್ ಸ್ಟೇಷನ್ನಿಗೆ ಹೋಗಿ ಪೇಷಂಟ್ ನೋಡಿ ತೋರಿಸುವ ಪರೀಕ್ಷೆ) ಇದೆ. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಪೇಷಂಟ್ ಎದುರು ನಿಂತರೆ ಒಂದೂ ಬಾಯಿಗೆ ಬರುವುದಿಲ್ಲ. ಏನು ಹಿಡಿದಿರಿ, ಏನು ಬಿಟ್ಟಿರಿ, ಸ್ವಲ್ಪ ಹೇಳಿ.

ಈಚೆಗೆ ಪಾಸಾದವರು:
"ಓದುವಾಗ ಗೊತ್ತಿದೆ ಅನ್ನಿಸುತ್ತದೆ" ಅಂದಿರಲ್ಲ, ಗೋಳು ಇರುವುದೇ ಅಲ್ಲಿ. ಎರಡನೇ ಸಲ ಓದುವಾಗ ಪುಟ ಪರಿಚಯದ್ದಾಗಿರುತ್ತದೆ. ಆ ಪರಿಚಯವನ್ನೇ ನಾವು ಕಲಿತದ್ದು ಅಂದುಕೊಳ್ಳುತ್ತೇವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ವಿದ್ಯಾರ್ಥಿಗಳ ಮೇಲೇ ಪರೀಕ್ಷಿಸಿ ನೋಡಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಪಾಠ ಪಕ್ಕಕ್ಕಿಟ್ಟು ನೆನಪಾದದ್ದನ್ನು ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದಿದ್ದರು. ನಮ್ಮ ಪರೀಕ್ಷೆ ಯಾವತ್ತೂ 5 ನಿಮಿಷ ಬಿಟ್ಟು ಬರುವುದಿಲ್ಲ, ಅಲ್ವಾ?

ಹಾಗಾಗಿ ನಾನು ಹೈಲೈಟರ್ ಬಿಟ್ಟೆ. ಒಂದು ವಿಷಯ ಓದಿ, ಪುಸ್ತಕ ಮುಚ್ಚಿ, ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಎಲ್ಲಿ ತಡವರಿಸಿದೆನೋ ಅಷ್ಟನ್ನು ಮಾತ್ರ ಮತ್ತೆ ನೋಡುತ್ತಿದ್ದೆ. ಸುಸ್ತಾದ ರಾತ್ರಿಗೂ ಇದು ಒಗ್ಗುತ್ತದೆ, ಯಾಕೆಂದರೆ ಬಾಯಿ ಆಡುತ್ತಿದ್ದರೆ ನಿದ್ದೆ ಬರುವುದು ಕಷ್ಟ.

ಪ್ರಶ್ನೆ ಬ್ಯಾಂಕ್ ಎಲ್ಲರೂ ಮಾಡುತ್ತಾರೆ. ಆದರೆ ಎಷ್ಟು ಪ್ರಶ್ನೆ ಮುಗಿಸಿದೆ ಅನ್ನುವ ಲೆಕ್ಕ ಸುಮ್ನೆ. ತಪ್ಪಿದ ಪ್ರಶ್ನೆ ಯಾಕೆ ತಪ್ಪಿತು ಅಂತ ನೋಡಿ. ಗೊತ್ತೇ ಇರಲಿಲ್ಲವಾ, ಅವಸರದಲ್ಲಿ ಓದಿದಿರಾ, ಇಲ್ಲಾ ಎರಡು ಉತ್ತರ ಉಳಿದು ಯಾವುದು ಅಂತ ತಿಳಿಯಲಿಲ್ಲವಾ? ಈ ಕೊನೆಯದರಲ್ಲೇ ಅಂಕ ಇರುವುದು. ಮುಖ ಒಂದು ಕಡೆ ಸೊಟ್ಟಗಾಗಿದೆ ಅನ್ನಿ. ಬೆಲ್ಸ್ ಪಾಲ್ಸಿಯೋ (ಮುಖದ ನರವೇ ಸೋತದ್ದು), ಸ್ಟ್ರೋಕೋ (ಮೆದುಳಿಗೆ ಪೆಟ್ಟಾದದ್ದು)? ಹುಬ್ಬು ಮೇಲೆತ್ತಲು ಹೇಳಬೇಕು. ಬೆಲ್ಸ್ ಪಾಲ್ಸಿಯಲ್ಲಿ ಆ ಬದಿಯ ಹಣೆಯಲ್ಲಿ ನೆರಿಗೆ ಬೀಳುವುದಿಲ್ಲ. ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ ಬೀಳುತ್ತದೆ, ಯಾಕೆಂದರೆ ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಬದಿಯಿಂದ ಆದೇಶ ಬರುತ್ತದೆ. ಎರಡನ್ನು ಬೇರೆ ಮಾಡುವ ಆ ಒಂದು ಗೆರೆಯನ್ನೇ ಕಾರ್ಡಿನಲ್ಲಿ ಬರೆದಿಡಿ. ಇಡೀ ಅಧ್ಯಾಯ ಬರೆಯಲು ಹೋಗಬೇಡಿ. ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡ್ ಇಳಿಸಿಕೊಂಡು ಕೂರುವುದೂ ನನಗಂತೂ ಆಗಿಬರಲಿಲ್ಲ.

ತುರ್ತು ವಿಭಾಗದ ಪಿಎ:
ಮೇಲಿನವರು ಹೇಳಿದ್ದು ಸರಿ. ಆದರೆ ಪೋಸ್ಟಿಂಗ್ ಒಂದು, ಓದು ಇನ್ನೊಂದು ಅಂತ ಇಟ್ಟುಕೊಂಡರೆ ಎರಡಕ್ಕೂ ಸಮಯ ಸಾಲುವುದಿಲ್ಲ. ಈ ವೃತ್ತಿ ಶುರುವಾದ ಬಗೆ ನೋಡಿ. 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಸ್ಟೆಡ್ ಮೊದಲ ಪಿಎ ಕೋರ್ಸ್ ತೆರೆದಾಗ ಸೇರಿಸಿಕೊಂಡಿದ್ದು ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದವರನ್ನು. ಕೈಕೆಲಸ ಅವರಿಗೆ ಮೊದಲೇ ಬರುತ್ತಿತ್ತು, ಓದು ಆಮೇಲೆ ಬಂತು. ನಮ್ಮದು ಉಲ್ಟಾ. ಅದಕ್ಕೇ ಕೈ ನಡುಗುತ್ತದೆ.

ನನ್ನ ಪದ್ಧತಿ ಇಷ್ಟೇ: ಆ ದಿನ ನೋಡಿದ ಒಬ್ಬ ಪೇಷಂಟ್, ಆ ರಾತ್ರಿ ಓದಲು ಒಂದು ಕಾಯಿಲೆ. ಹೆಚ್ಚು ಬೇಡ. ಮುಖ ಕಣ್ಣೆದುರಿಗಿದ್ದರೆ ಲಕ್ಷಣಗಳ ಪಟ್ಟಿ ಉರು ಹೊಡೆಯಬೇಕಿಲ್ಲ. ಅಪರೂಪದ ಕೇಸ್ ಹುಡುಕಿಕೊಂಡು ವಾರ್ಡ್ ವಾರ್ಡ್ ತಿರುಗಬೇಡಿ. ನ್ಯುಮೋನಿಯಾ, ಹಾರ್ಟ್ ಫೇಲ್ಯೂರ್, ಸಕ್ಕರೆ ಕಾಯಿಲೆಯ ಕಾಲು, ಹೊಟ್ಟೆನೋವು ಇವನ್ನು ಚೆನ್ನಾಗಿ ನೋಡಿದವರಿಗೆ ಥಿಯರಿಯ ದೊಡ್ಡ ಪಾಲು ತಾನಾಗೇ ಬರುತ್ತದೆ.

ಕೈಕೆಲಸದಲ್ಲಿ ಬಿಪಿಯಿಂದ ಶುರು ಮಾಡಿ. ನಗಬೇಡಿ. "ಅದೇನು, ಬಿಪಿ ಬರಲ್ವಾ?" ಅನ್ನುವವರೇ ಅದನ್ನು ತಪ್ಪು ನೋಡುವುದು ಜಾಸ್ತಿ. ಪೇಷಂಟ್ 5 ನಿಮಿಷ ಸುಮ್ನೆ ಕೂತಿರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು, ತೋಳು ಎದೆಯ ಮಟ್ಟದಲ್ಲಿ ಆಸರೆಯ ಮೇಲಿರಬೇಕು. ಕಫ್ ಅನ್ನು, ಅಂದರೆ ತೋಳಿಗೆ ಸುತ್ತುವ ಪಟ್ಟಿಯನ್ನು, ಬಟ್ಟೆಯ ಮೇಲೆ ಕಟ್ಟಬಾರದು. ಕಫ್ ಒಳಗಿನ ಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ. ನಾಡಿ ಮಾಯವಾದ ಅಂಕೆ ನೋಡಿಕೊಳ್ಳಿ. ಆಮೇಲೆ ಸ್ಟೆತೊಸ್ಕೋಪ್ ಇಟ್ಟು, ಆ ಅಂಕೆಗಿಂತ 30 ಮೇಲಕ್ಕೆ ಏರಿಸಿ, ಸೆಕೆಂಡಿಗೆ 2ರಿಂದ 3 ಮಿ.ಮೀ. ಇಳಿಯುವಂತೆ ಬಿಡಿ. ನಾಡಿ ನೋಡುವ ಹಂತ ಯಾಕೆ ಅಂದರೆ, ಕೆಲವರಲ್ಲಿ ಶಬ್ದ ಶುರುವಾಗಿ ನಡುವೆ ನಿಂತು ಮತ್ತೆ ಕೇಳಿಸುತ್ತದೆ. ಆ ಖಾಲಿ ಜಾಗದಿಂದ ಶುರು ಮಾಡಿದರೆ 180 ಇರುವವರಿಗೆ 150 ಬರೆದು ಮನೆಗೆ ಕಳಿಸಿಬಿಡುತ್ತೀರಿ. ನೋಡುವಾಗ ಅವರನ್ನು ಮಾತಾಡಿಸಬೇಡಿ. ಮಾತಾಡಿದರೂ ಅಂಕೆ ಏರುತ್ತದೆ.

ಇಷ್ಟನ್ನು ಕೈ ತಾನಾಗಿ ಮಾಡುವಂತಾದರೆ ತಲೆ ಖಾಲಿ ಉಳಿಯುತ್ತದೆ. ಆಗ ಪೇಷಂಟ್ ಹೇಳುತ್ತಿರುವುದು ಕಿವಿಗೆ ಬೀಳುತ್ತದೆ.

ಆಸ್ಕಿಯಲ್ಲಿ ಅಂಕ ಹಾಕುವ ಕಡೆ ಕೂತವರು:
ಟೇಬಲ್ಲಿನ ಈ ಕಡೆಯಿಂದ ಹೇಳುತ್ತೇನೆ. ಆಸ್ಕಿ ಹುಟ್ಟಿದ್ದೇ ಎಕ್ಸಾಮಿನರ್ ಮೂಡಿನ ಮೇಲೆ ಅಂಕ ನಿಲ್ಲಬಾರದು ಅಂತ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು ಇದನ್ನು ಮುಂದಿಟ್ಟರು. ಎಲ್ಲರಿಗೂ ಅದೇ ಸ್ಟೇಷನ್, ಅದೇ ಸಮಯ, ಅದೇ ಚೆಕ್‌ಲಿಸ್ಟ್. ಅಂದರೆ ನಿಮ್ಮ ಮನಸ್ಸಿನಲ್ಲಿ ಇರುವುದಕ್ಕೆ ಅಂಕ ಇಲ್ಲ. ನನಗೆ ಕಂಡದ್ದಕ್ಕೆ, ಕೇಳಿದ್ದಕ್ಕೆ ಮಾತ್ರ ಟಿಕ್.

ಕೈ ತೊಳೆಯುವುದು, ಹೆಸರು ಹೇಳಿಕೊಳ್ಳುವುದು, ಪೇಷಂಟ್ ಹೆಸರು, ಹುಟ್ಟಿದ ದಿನ ಕೇಳಿ ಖಾತ್ರಿ ಮಾಡಿಕೊಳ್ಳುವುದು, ಮುಟ್ಟುವ ಮುಂಚೆ ಒಪ್ಪಿಗೆ ಪಡೆಯುವುದು. ಇವೆಲ್ಲ ಪುಕ್ಕಟೆ ಅಂಕ. ಚೆನ್ನಾಗಿ ಓದುವ ಮಕ್ಕಳೇ ಇದನ್ನು ಹಾರಿಸಿ ನೇರ ಎದೆಗೆ ಸ್ಟೆತೊಸ್ಕೋಪ್ ಇಡುತ್ತಾರೆ.

ಹೊಟ್ಟೆಯ ಸ್ಟೇಷನ್ನಿನಲ್ಲಿ ಒಂದು ವಿಷಯ ನೆನಪಿಡಿ. ದೇಹದ ಬೇರೆ ಭಾಗಗಳಿಗೆ ನೋಡು, ಮುಟ್ಟು, ಬೆರಳಿನಿಂದ ಬಡಿ, ಸ್ಟೆತೊಸ್ಕೋಪಿನಲ್ಲಿ ಕೇಳು ಅನ್ನುವುದು ಕ್ರಮ. ಹೊಟ್ಟೆಗೆ ಮಾತ್ರ ನೋಡಿದ ಮೇಲೆ ಮೊದಲು ಕೇಳಬೇಕು, ಆಮೇಲೆ ಬಡಿಯಬೇಕು, ಒತ್ತುವುದು ಕೊನೆಗೆ. ಒತ್ತಿದರೆ ಕರುಳಿನ ಸದ್ದು ಬದಲಾಗಬಹುದು ಅನ್ನುವುದು ಕಾರಣ. ಒತ್ತುವ ಮುಂಚೆ "ಎಲ್ಲಿ ನೋವು?" ಅಂತ ಕೇಳಿ, ನೋವಿನ ಜಾಗವನ್ನು ಕೊನೆಗೆ ಇಟ್ಟುಕೊಳ್ಳಿ. ಒತ್ತುವಾಗ ಕಣ್ಣು ನಿಮ್ಮ ಕೈ ಮೇಲಲ್ಲ, ಅವರ ಮುಖದ ಮೇಲಿರಲಿ. ಹುಬ್ಬು ಗಂಟಿಕ್ಕಿದ್ದು ಕೈಗೆ ಗೊತ್ತಾಗುವುದಿಲ್ಲ. ನಾನು ಎದುರು ಕೂತು ನೋಡುವುದು ಅದನ್ನೇ.

ಮರ್ಮರ್ (ಹೃದಯದ ಅಸಹಜ ಸದ್ದು) ಸ್ಟೇಷನ್ನಿನಲ್ಲಿ ಎದೆಯ ಮೇಲೆ ಬರೀ ನಾಲ್ಕು ಜಾಗ ಮುಟ್ಟಿ ಬರಬೇಡಿ. ಎಡ ಮಗ್ಗುಲಿಗೆ ತಿರುಗಿಸಿ, ಏಪೆಕ್ಸಿನಲ್ಲಿ (ಹೃದಯದ ತುದಿ) ಸ್ಟೆತೊಸ್ಕೋಪಿನ ಬೆಲ್ ಬದಿಯನ್ನು ಹಗುರವಾಗಿ ಇಟ್ಟರೆ ಮೈಟ್ರಲ್ ಸ್ಟೆನೋಸಿಸ್ಸಿನ (ಮೈಟ್ರಲ್ ಕವಾಟ ಕಿರಿದಾದದ್ದು) ಗುಡುಗುಡು ಸಿಗುತ್ತದೆ. ಮುಂದಕ್ಕೆ ಬಾಗಿಸಿ, ಉಸಿರು ಹೊರಬಿಟ್ಟು ಹಿಡಿಯಲು ಹೇಳಿ, ಎದೆಮೂಳೆಯ ಎಡ ಅಂಚಿನಲ್ಲಿ ಸ್ಟೆತೊಸ್ಕೋಪಿನ ಡಯಾಫ್ರಂ ಬದಿಯನ್ನು ಒತ್ತಿ ಇಟ್ಟರೆ ಅಯೋರ್ಟಿಕ್ ರಿಗರ್ಜಿಟೇಷನ್ (ಅಯೋರ್ಟಿಕ್ ಕವಾಟದಲ್ಲಿ ರಕ್ತ ಹಿಂದಕ್ಕೆ ಸೋರುವುದು). ಸದ್ದು ಕೇಳಿಸದಿದ್ದರೂ ಭಂಗಿ ಮಾಡಿಸಿದ್ದಕ್ಕೆ ಅಂಕ ಇರುತ್ತದೆ. ಕೇಳಿಸದೆ "ಕೇಳಿಸಿತು" ಅಂದರೆ ಮಾತ್ರ ಮುಂದಿನ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ಇನ್ನೊಂದು ಸಣ್ಣ ವಿಷಯ, ವೈವಾದಲ್ಲಿ (ಮೌಖಿಕ ಪರೀಕ್ಷೆ) ಬರುವಂಥದ್ದು: ಪ್ರಜ್ಞೆ ಎಷ್ಟಿದೆ ಅಂತ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲಿನ ಕನಿಷ್ಠ ಅಂಕ 3. ಸೊನ್ನೆ ಅಲ್ಲ.

ಗುಂಪು ಓದು ಇಷ್ಟ ಇಲ್ಲದವರು:
ಥಿಯರಿಗೆ ಗುಂಪು ಬೇಡ. ಒಬ್ಬರು ಬೋಧಿಸುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಆಸ್ಕಿಗೆ ಮಾತ್ರ ಇಬ್ಬರು ಬೇಕೇ ಬೇಕು, ಮೂವರಾದರೆ ಇನ್ನೂ ಒಳ್ಳೆಯದು: ಒಬ್ಬರು ಪೇಷಂಟ್, ಒಬ್ಬರು ಪಿಎ, ಒಬ್ಬರು ಚೆಕ್‌ಲಿಸ್ಟ್ ಹಿಡಿದ ಎಕ್ಸಾಮಿನರ್. ಟೈಮರ್ ಓಡುತ್ತಿರಲಿ. ಪೇಷಂಟ್ ಪಾತ್ರದವರು ಕೇಳದೆ ಯಾವುದನ್ನೂ ಹೇಳಬಾರದು. ನಮ್ಮ ಗೆಳತಿಯೊಬ್ಬಳು ಎಷ್ಟು ಸತಾಯಿಸುತ್ತಿದ್ದಳೆಂದರೆ, ಅವಳಿಂದ ಹಿಸ್ಟರಿ (ಕಾಯಿಲೆಯ ಹಿನ್ನೆಲೆ) ತೆಗೆದವರಿಗೆ ನಿಜವಾದ ಪೇಷಂಟ್ ಎಲ್ಲ ಸಲೀಸು ಅನ್ನಿಸುತ್ತಿತ್ತು.

ಅಮೆರಿಕದಲ್ಲಿ ಪರೀಕ್ಷೆ ಬರೆದವರು:
ಇಲ್ಲಿ ಪಿಎ ಆಗಲು ಬರೆಯುವ ಪ್ಯಾನ್ಸ್ ಪರೀಕ್ಷೆಯಲ್ಲಿ 300 ಬಹು ಆಯ್ಕೆ ಪ್ರಶ್ನೆ. 60 ಪ್ರಶ್ನೆಯ ಐದು ಬ್ಲಾಕ್, ಒಂದೊಂದಕ್ಕೆ 60 ನಿಮಿಷ. ಲೆಕ್ಕ ಸರಳ: ಪ್ರಶ್ನೆಗೆ ಒಂದು ನಿಮಿಷ. ಅದಕ್ಕೇ ಅಭ್ಯಾಸವೂ ಬಿಡಿ ಪ್ರಶ್ನೆಗಳಲ್ಲಿ ಅಲ್ಲ, 60ರ ಕಂತಿನಲ್ಲಿ, ಎದ್ದು ಹೋಗದೆ ಮಾಡಬೇಕು. ನಾಲ್ಕನೇ ಬ್ಲಾಕಿನ ಹೊತ್ತಿಗೆ ಕೈಕೊಡುವುದು ನೆನಪಲ್ಲ, ಬೆನ್ನು ಮತ್ತು ತಾಳ್ಮೆ. ಉದ್ದ ಪ್ರಶ್ನೆ ಬಂದರೆ ಕೊನೆಯ ಸಾಲು ಮೊದಲು ಓದಿ. ಕಾಯಿಲೆ ಯಾವುದು ಅಂತ ಕೇಳಿದ್ದಾರಾ, ಮುಂದಿನ ಹೆಜ್ಜೆ ಏನು ಅಂತ ಕೇಳಿದ್ದಾರಾ ಅಂತ ಗೊತ್ತಿದ್ದರೆ ಉಳಿದ ಸಾಲುಗಳಲ್ಲಿ ಹುಡುಕಬೇಕಾದದ್ದು ತಿಳಿಯುತ್ತದೆ. ಯಾವ ವಿಷಯಕ್ಕೆ ಎಷ್ಟು ತೂಕ ಅನ್ನುವ ಬ್ಲೂಪ್ರಿಂಟ್ ಬಹಿರಂಗವಾಗೇ ಇರುತ್ತದೆ. ಹೃದಯ ಮತ್ತು ರಕ್ತನಾಳಕ್ಕೆ ಅಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು. ನಿಮ್ಮ ಪರೀಕ್ಷೆ ಯಾವುದೇ ಆಗಿರಲಿ, ಅಂಥ ತೂಕದ ಪಟ್ಟಿ ಇದ್ದರೆ ಮೊದಲು ಅದನ್ನು ತೆಗೆದು ಗೋಡೆಗೆ ಅಂಟಿಸಿ.

ಸರ್ಜರಿ ಪಿಎ:
ಹೊಲಿಗೆ ಬಗ್ಗೆ ಯಾರೂ ಹೇಳಲಿಲ್ಲ. ಗಂಟು ಹಾಕುವುದು ಟಿವಿ ನೋಡುತ್ತಾ ಕಲಿಯಬಹುದು. ಒಂದು ತುಂಡು ದಾರ ಸಾಕು. ಕಲಿಯಲು ಕಷ್ಟವಾದದ್ದು ಸೂಜಿಯ ಕೋನ. ಚರ್ಮಕ್ಕೆ ನೇರವಾಗಿ, 90 ಡಿಗ್ರಿಯಲ್ಲಿ ಚುಚ್ಚಿ, ಸೂಜಿ ಬಾಗಿದ ಹಾಗೇ ಮಣಿಕಟ್ಟನ್ನು ತಿರುಗಿಸಬೇಕು. ನೂಕಬಾರದು. ಹಾಗೆ ಮಾಡಿದರೆ ಗಾಯದ ಅಂಚು ತುಸು ಹೊರಕ್ಕೆ ಮಡಚಿಕೊಂಡು ಕೂಡುತ್ತದೆ, ಕಲೆ ಕಡಿಮೆ ಉಳಿಯುತ್ತದೆ.

ಹೊಲಿಗೆಗಿಂತ ಮುಖ್ಯ ಮರಗಟ್ಟಿಸುವ ಔಷಧಿಯ ಲೆಕ್ಕ. 1% ಲಿಡೊಕೇನ್ ಅಂದರೆ 1 ಮಿ.ಲೀ.ಗೆ 10 ಮಿ.ಗ್ರಾಂ. ಅಡ್ರಿನಲಿನ್ ಸೇರಿಸದಿದ್ದರೆ ನಾನು ಕಲಿತ ಮಿತಿ ಕೆ.ಜಿ.ಗೆ 4.5 ಮಿ.ಗ್ರಾಂ, ಒಟ್ಟು 300 ದಾಟಬಾರದು. 60 ಕೆ.ಜಿ. ತೂಕದವರಿಗೆ 270 ಮಿ.ಗ್ರಾಂ, ಅಂದರೆ 27 ಮಿ.ಲೀ. ಬಾಟಲಿ 2%ದ್ದಾದರೆ ಅದರ ಅರ್ಧ ಮಾತ್ರ. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲಿನಲ್ಲಿ ಮಿತಿ ಇನ್ನೂ ಕಡಿಮೆ ಇದ್ದರೆ ಅದೇ ನಿಮ್ಮ ಮಿತಿ. ಪ್ರತಿ ಸಲ ಬಾಟಲಿ ಮೇಲಿನ ಶೇಕಡಾವನ್ನು ಜೋರಾಗಿ ಓದಿ. ಚುಚ್ಚಿದ ಮೇಲೆ ಬಾಯಿ ಸುತ್ತ ಜುಮ್ಮೆನ್ನುತ್ತಿದೆಯಾ, ಕಿವಿಯಲ್ಲಿ ಗುಂಯ್ ಅನ್ನುತ್ತಿದೆಯಾ, ನಾಲಿಗೆಗೆ ಲೋಹದ ರುಚಿ ಬರುತ್ತಿದೆಯಾ ಅಂತ ಕೇಳುತ್ತಿರಿ, ಔಷಧಿ ರಕ್ತದಲ್ಲಿ ಹೆಚ್ಚಾದರೆ ಮೊದಲು ಕಾಣುವುದು ಇವೇ. ಪರೀಕ್ಷೆಯಲ್ಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬಿಪಿ ವಿಷಯ ಓದಿ ನಾಚಿಕೆಯಾಯಿತು, ಇರಲಿ. ಇನ್ನೊಂದು ಪ್ರಶ್ನೆ. ರೌಂಡ್ಸ್‌ನಲ್ಲಿ ಸೀನಿಯರ್ ಡಾಕ್ಟರ್ ಎದುರು ಕೇಸ್ ಹೇಳುವಾಗ ನಡುವೆಯೇ "ಸಾಕು" ಅನ್ನುತ್ತಾರೆ. ಎಲ್ಲಿ ಎಡವುತ್ತಿದ್ದೇನೆ?

ತುರ್ತು ವಿಭಾಗದ ಪಿಎ:
ಕೇಸ್ ಶೀಟಿನ ಕ್ರಮದಲ್ಲೇ ಹೇಳುತ್ತಿದ್ದೀರಿ ಅನ್ನಿಸುತ್ತದೆ. ಕೇಳುವವರಿಗೆ ಮೊದಲ ವಾಕ್ಯದಲ್ಲೇ ದಿಕ್ಕು ಸಿಗಬೇಕು. "58 ವರ್ಷದವರು, ಸಕ್ಕರೆ ಕಾಯಿಲೆ ಮತ್ತು ಬಿಪಿ ಇದೆ. ಎರಡು ಗಂಟೆಯಿಂದ ಎದೆ ಬಿಗಿತ, ಜೊತೆಗೆ ಬೆವರು. ಬಂದ 10 ನಿಮಿಷದೊಳಗೆ ಇಸಿಜಿ ತೆಗೆದಿದ್ದೇವೆ." ಇಷ್ಟಾದ ಮೇಲೆ ನಿಮಗೇನು ಅನ್ನಿಸುತ್ತದೆ ಅಂತ ಹೇಳಿ: "ಹಾರ್ಟ್ ಅಟ್ಯಾಕ್ ಅನ್ನಿಸುತ್ತಿದೆ. ಅಯೋರ್ಟಿಕ್ ಡಿಸೆಕ್ಷನ್ (ದೊಡ್ಡ ರಕ್ತನಾಳದ ಒಳಪದರ ಹರಿಯುವುದು) ಇರಬಹುದಾ ಅಂತ ಎರಡೂ ತೋಳಿನ ಬಿಪಿ ನೋಡಿದೆ, ವ್ಯತ್ಯಾಸ ಇಲ್ಲ. ಆದರೂ ಅದನ್ನು ಪೂರ್ತಿ ತಳ್ಳಿಹಾಕಿಲ್ಲ." ಆಮೇಲೆ ಗೊತ್ತಿಲ್ಲದ್ದನ್ನು ನೀವೇ ಕೇಳಿಬಿಡಿ. ಅವರು ಕೇಳುವ ಮುಂಚೆ ನೀವು ಕೇಳಿದರೆ ಬೈಗುಳ ಪಾಠವಾಗುತ್ತದೆ. ಎಲ್ಲ ಸೀನಿಯರುಗಳೂ ಹಾಗಲ್ಲ, ಕೆಲವರು ಹೇಗಿದ್ದರೂ ಗದರುತ್ತಾರೆ. ಅಂಥವರ ಎದುರು ಮೊದಲ ವಾಕ್ಯ ಹೇಳಿ ನಿಲ್ಲಿಸಿ, ಬೇಕಾದದ್ದನ್ನು ಅವರೇ ಕೇಳಲಿ.

ಈಚೆಗೆ ಪಾಸಾದವರು:
ಆ ಮೊದಲ ವಾಕ್ಯವನ್ನು ವಾರ್ಡಿಗೆ ಹೋಗುವ ಮುಂಚೆ ಲಿಫ್ಟಿನಲ್ಲೇ ಒಮ್ಮೆ ಹೇಳಿಕೊಳ್ಳಿ. ಲಿಫ್ಟಿನಲ್ಲಿ ಬೇರೆಯವರಿದ್ದರೆ ಮನಸ್ಸಿನಲ್ಲೇ. ಪೇಷಂಟ್ ವಿಷಯ ಹೊರಗೆ ಕೇಳಿಸಬಾರದು.