ವೈದ್ಯೆ, ಡಾಕ್ಟ್ರಮ್ಮ, ಲೇಡಿ ಡಾಕ್ಟ್ರು: ಆಹ್ವಾನಪತ್ರಕ್ಕೆ ಯಾವುದು?

ಗೆಳೆಯರೇ,

ಮಂಡ್ಯದಲ್ಲಿ ಜುಲೈ 1ರ ವೈದ್ಯರ ದಿನಕ್ಕೆ ಈ ಸಲ ಹೆಣ್ಣು ಡಾಕ್ಟರುಗಳಿಗಷ್ಟೇ ಸನ್ಮಾನ ಇಟ್ಟುಕೊಂಡಿದ್ದಾರೆ. ಆಹ್ವಾನಪತ್ರದ ಕರಡು ತಿದ್ದೋಕೆ ನನ್ನ ಹತ್ತಿರ ಬಂದಿದೆ. ಒಂದೇ ಹಾಳೆಯಲ್ಲಿ ಮೇಲೆ 'ಮಹಿಳಾ ವೈದ್ಯರು', ನಡುವೆ 'ವೈದ್ಯೆಯರು', ಕೆಳಗೆ 'ಲೇಡಿ ಡಾಕ್ಟರ್ಸ್'. ಯಾವುದನ್ನು ಉಳಿಸೋದು, ಯಾವುದಕ್ಕೆ ಗೀಟು ಹಾಕೋದು? ನನಗೆ ತೋಚಿದ್ದನ್ನು ಬರೆದಿದ್ದೇನೆ. ಒಪ್ಪಿಗೆ ಇಲ್ಲದಿದ್ದರೆ ಜಗಳ ಆಡಿ, ಅದಕ್ಕೇ ಕೇಳುತ್ತಿರೋದು.

'ವೈದ್ಯೆ'ಗೆ ವ್ಯಾಕರಣದ ತಕರಾರಿಲ್ಲ. ಶಿಷ್ಯ-ಶಿಷ್ಯೆ, ಅಧ್ಯಕ್ಷ-ಅಧ್ಯಕ್ಷೆ ಆದ ಹಾಗೇ ಇದೂ ಆಗಿದೆ. ಪತ್ರಿಕೆಯವರಿಗಂತೂ ಇಷ್ಟ, ಎರಡೇ ಅಕ್ಷರ, ತಲೆಬರಹದಲ್ಲಿ ಜಾಗ ಉಳಿಯುತ್ತದೆ. ಆದರೆ ಬಾಯಲ್ಲಿ ಬರೋದಿಲ್ಲ. ಕ್ಲಿನಿಕ್ ಬಾಗಿಲಲ್ಲಿ ನಿಂತು 'ವೈದ್ಯೆ ಇದ್ದಾರಾ' ಅಂತ ಕೇಳಿದವರನ್ನು ನಾನು ಕಂಡಿಲ್ಲ. ಇನ್ನೊಂದು ಸಣ್ಣ ಎಡವಟ್ಟು: 'ವೈದ್ಯೆ' ಅಂತ ಏಕವಚನದಲ್ಲಿ ಹೇಳಿ, ಹಿಂದೆಯೇ 'ಬಂದರು' ಅಂತ ಬಹುವಚನ ಹಾಕಬೇಕು. 'ಬಂದಳು' ಅಂದರೆ ಒರಟು. ನಮ್ಮ ಗೌರವದ 'ರು'ಗೆ ಗಂಡು ಹೆಣ್ಣು ಅನ್ನೋ ಭೇದವೇ ಇಲ್ಲವಲ್ಲ. 'ಡಾಕ್ಟ್ರು ಬಂದ್ರು' ಅಂದರೆ ಯಾರಾದರೂ ಆಗಬಹುದು. ದಿನನಿತ್ಯದ ಮಾತಿಗೆ ಇಷ್ಟು ಸಾಕು ಅಲ್ವಾ?

ಬಾಯಲ್ಲಿ ಬರೋದು 'ಡಾಕ್ಟ್ರಮ್ಮ'. 'ಡಾಕ್ಟ್ರಮ್ಮ ಬಂದವ್ರಾ?' ಅಂತ ಕೇಳೋದು ಮಂಡ್ಯ, ಮದ್ದೂರು, ನಾಗಮಂಗಲ ಕಡೆ ಮಾಮೂಲು. ಇಲ್ಲಿ ಗಮನಿಸಬೇಕಾದ್ದೊಂದಿದೆ. ನಮ್ಮ ಕಡೆ 'ಗೌಡ್ತಿ' ಅಂದರೆ ಹೆಚ್ಚಾಗಿ ಗೌಡರ ಹೆಂಡತಿ, ಗೌಡಿಕೆ ನಡೆಸುವ ಹೆಂಗಸಲ್ಲ. ಆದರೆ 'ಡಾಕ್ಟ್ರಮ್ಮ' ಅಂದರೆ ಸ್ವತಃ ಓದಿ ಡಾಕ್ಟರಾದವರೇ. ಡಾಕ್ಟರ ಹೆಂಡತಿಯನ್ನು 'ಡಾಕ್ಟ್ರ ಮನೆಯವ್ರು' ಅನ್ನುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಎರಡು ರೂಪವೇ ಇದೆ: ತಾನೇ ಪಾಠ ಹೇಳುವವಳು ಆಚಾರ್ಯಾ, ಆಚಾರ್ಯನ ಹೆಂಡತಿ ಆಚಾರ್ಯಾನೀ. ನಮ್ಮ ಹಳ್ಳಿಯವರು ಯಾವ ವ್ಯಾಕರಣವನ್ನೂ ಕೇಳದೆ ಆ ಗೆರೆಯನ್ನು ಎಳೆದುಕೊಂಡಿದ್ದಾರೆ. ಆದರೂ ಆಹ್ವಾನಪತ್ರದಲ್ಲಿ 'ಡಾಕ್ಟ್ರಮ್ಮಂದಿರಿಗೆ ಸನ್ಮಾನ' ಅಂತ ಅಚ್ಚು ಹಾಕಿಸುವ ಧೈರ್ಯ ನನಗಿಲ್ಲ.

ನಿಜವಾದ ತೊಡಕು 'ಲೇಡಿ ಡಾಕ್ಟ್ರು'. ಇದು ಡಾಕ್ಟರ್ ಪದದ ಸ್ತ್ರೀಲಿಂಗ ಅಂದುಕೊಂಡರೆ ಕೆಟ್ಟಿತು. 'ಲೇಡಿ ಡಾಕ್ಟ್ರ ಹತ್ರ ತೋರ್ಸಿದ್ರಾ?' ಅಂತ ಯಾರಾದರೂ ಕೇಳಿದರೆ ಅದು ಬಸುರಿಗೋ, ಮುಟ್ಟಿನ ತೊಂದರೆಗೋ, ಮಕ್ಕಳಾಗದ್ದಕ್ಕೋ ಸಂಬಂಧಪಟ್ಟಿದ್ದು. ನನಗೆ ಪರಿಚಯದ ಒಬ್ಬ ಹೆಣ್ಣುಮಗಳು ಮೂಳೆ ಡಾಕ್ಟರು. ಮುಂಗೈ ಮುರಿದುಕೊಂಡು ಬಂದ ಮುದುಕರೊಬ್ಬರಿಗೆ ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿ ಮುಗಿಸಿದ್ದಾರೆ. ಆತ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡು, 'ಎಲ್ಲಾ ಸರಿ ಕಣವ್ವ, ಡಾಕ್ಟ್ರು ಯಾವಾಗ ಬತ್ತಾರೆ?' ಅಂದರಂತೆ. 'ನಾನೇ ಕಣಪ್ಪಾ' ಅಂದರೆ, 'ಅಂಗಾದ್ರೆ ನೀವು ಲೇಡಿ ಡಾಕ್ಟ್ರಲ್ವಾ? ಮೂಳೆಗೂ ನೀವೇಯಾ?' ಆ ಮುದುಕರಿಗೆ ಅದು ಹೆರಿಗೆ ಮಾಡಿಸೋರ ಹೆಸರು, ಅಷ್ಟೇ.

ಹೀಗಾಗಿದ್ದಕ್ಕೆ ಕಾರಣವೂ ಇದೆ. ಗಂಡು ಡಾಕ್ಟರಿಗೆ ಮೈ ತೋರಿಸಲು ಹೆಂಗಸರು ಒಪ್ಪುತ್ತಿರಲಿಲ್ಲ. 1885ರಲ್ಲಿ ವೈಸರಾಯ್ ಹೆಂಡತಿ ಲೇಡಿ ಡಫರಿನ್ ಹೆಸರಿನಲ್ಲಿ ನಿಧಿ ಶುರುವಾಗಿದ್ದೇ ಭಾರತದ ಹೆಂಗಸರಿಗೆ ಹೆಣ್ಣು ಡಾಕ್ಟರು, ದಾದಿಯರು, ಸೂಲಗಿತ್ತಿಯರನ್ನು ಒದಗಿಸಲು. ಹೆಣ್ಣು ಡಾಕ್ಟರು ಅಂದರೆ ಹೆಂಗಸರ ಆಸ್ಪತ್ರೆ, ಹೆಂಗಸರ ಆಸ್ಪತ್ರೆ ಅಂದರೆ ಹೆರಿಗೆ ಅಂತ ಜನರ ಮನಸ್ಸಿನಲ್ಲಿ ಕೂತಿತು. ಮೈಸೂರಲ್ಲಿ ಚೆಲುವಾಂಬ ಅನ್ನೋ ಹೆಂಗಸರ, ಮಕ್ಕಳ ಆಸ್ಪತ್ರೆ ಇದೆ. ಇಂದಿಗೂ 'ಚೆಲುವಾಂಬಕ್ಕೆ ಸೇರಿಸಿದ್ದಾರೆ' ಅಂದರೆ ಸಾಕು, ಹೆರಿಗೆಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಈಗ ಸನ್ಮಾನದ ಪಟ್ಟಿಯಲ್ಲಿ ಅರಿವಳಿಕೆಯವರು, ಕಣ್ಣಿನವರು, ಮೂಳೆಯವರು ಎಲ್ಲ ಇದ್ದಾರೆ. ಅವರನ್ನೆಲ್ಲ 'ಲೇಡಿ ಡಾಕ್ಟರ್ಸ್' ಅಂದರೆ ತಪ್ಪು ಅರ್ಥವೇ ಹೋಗುತ್ತದೆ. ಇದಕ್ಕೆ ಗೀಟು ಹಾಕಿದೆ.

'ಮಹಿಳಾ ವೈದ್ಯರು' ಕೂಡ ಅಷ್ಟು ನೇರವಿಲ್ಲ ನೋಡಿ. 'ಮಹಿಳಾ ಪೊಲೀಸ್' ಅಂದರೆ ಪೊಲೀಸ್ ಆಗಿರುವ ಮಹಿಳೆ. 'ಮಹಿಳಾ ಕಾಲೇಜು' ಅಂದರೆ ಮಹಿಳೆಯರಿಗಾಗಿ ಇರುವ ಕಾಲೇಜು. 'ಮಕ್ಕಳ ವೈದ್ಯರು' ಅಂತ ಓದಿ ಅಭ್ಯಾಸ ಇರುವವರು 'ಮಹಿಳಾ ವೈದ್ಯರು' ಅಂದಾಗ ಯಾವ ಕಡೆ ವಾಲುತ್ತಾರೆ? ಸರ್ಕಾರಿ 'ಮಹಿಳಾ ವೈದ್ಯಾಧಿಕಾರಿ'ಯಲ್ಲಿ ಗೊಂದಲ ಕಡಿಮೆ, ಹುದ್ದೆಯ ಹೆಸರಾಗಿ ರೂಢಿಯಾಗಿದೆ. ಸನ್ಮಾನದ ತಲೆಬರಹಕ್ಕೆ ಮಾತ್ರ ನನ್ನ ಮತ 'ವೈದ್ಯೆಯರು'ಗೆ. ಬಾಯಲ್ಲಿ ಬರದಿದ್ದರೂ ಎರಡರ್ಥ ಇಲ್ಲ. ಒಳಗೆ ಒಬ್ಬೊಬ್ಬರ ಪರಿಚಯದಲ್ಲಿ ಬರೀ 'ಡಾ.', ಮುಂದೆ 'ಮೂಳೆ ತಜ್ಞರು', 'ಕಣ್ಣಿನ ತಜ್ಞರು'. ಅಲ್ಲಿ 'ಮಹಿಳಾ' ಬೇಡವೇ ಬೇಡ.

ಕರಡಿನಲ್ಲಿ 'ಭಾರತದ ಮೊದಲ ವೈದ್ಯೆ ಆನಂದಿಬಾಯಿ ಜೋಶಿ' ಅಂತಲೂ ಇದೆ. ಇಲ್ಲೂ ಪದ ಸಡಿಲವಾಗಿದೆ. ಆನಂದಿಬಾಯಿ 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪದವಿ ಪಡೆದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಕೆಲಸವೂ ಗೊತ್ತಾಗಿತ್ತು. ಕ್ಷಯ ಬಿಡಲಿಲ್ಲ, 1887ರ ಫೆಬ್ರವರಿಯಲ್ಲಿ ತೀರಿಕೊಂಡರು, ಇನ್ನೂ 22 ತುಂಬಿರಲಿಲ್ಲ. ಅದೇ 1886ರಲ್ಲಿ ಕಲ್ಕತ್ತಾದಲ್ಲಿ ಓದು ಮುಗಿಸಿದ ಕಾದಂಬಿನಿ ಗಂಗೂಲಿ ವರ್ಷಗಟ್ಟಲೆ ರೋಗಿಗಳನ್ನು ನೋಡಿದರು. ವೈದ್ಯೆ ಅಂದರೆ ಪದವಿಯೋ, ವೃತ್ತಿಯೋ? ಸುಮ್ನೆ 'ಮೊದಲ' ಅಂತ ಬರೆಯುವ ಬದಲು 'ವೈದ್ಯಕೀಯ ಪದವಿ ಪಡೆದ ಭಾರತದ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು' ಅಂತ ತಿದ್ದಿದ್ದೇನೆ.

ಹಾಳೆಯ ನೆತ್ತಿಯ ಮೇಲೆ 'ವೈದ್ಯೋ ನಾರಾಯಣೋ ಹರಿಃ' ಕೂತಿದೆ. ಸನ್ಮಾನ ಪೂರ್ತಿ ಹೆಂಗಸರದ್ದು, ಶ್ಲೋಕ ಪೂರ್ತಿ ಗಂಡಸರದ್ದು! ತೆಗೆಯಿರಿ ಅಂದೆ, ಸಂಘಟಕರು ಇನ್ನೂ ಒಪ್ಪಿಲ್ಲ.

ಪದವಿಯ ಮಾತು ಬಂದಾಗ ಪಾವಗಡದ ನರಸಮ್ಮ ನೆನಪಾಗುತ್ತಾರೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. 'ಸೂಲಗಿತ್ತಿ ನರಸಮ್ಮ' ಅಂತಲೇ ಬರೆದೆವು, 'ಡಾ.' ಹಾಕುವ ಜಾಗದಲ್ಲಿ. ಸೂಲು ಅಂದರೆ ಹೆರಿಗೆ, 'ಗಿತ್ತಿ' ಹೂವಾಡಗಿತ್ತಿಯಲ್ಲಿರುವಂಥದ್ದೇ. ಕೆಲಸ ಮಾಡುವ ಹೆಣ್ಣಿಗೆ ಅಚ್ಚಗನ್ನಡದ ಪ್ರತ್ಯಯ ಕೈಯಲ್ಲೇ ಇದ್ದರೂ ಅದು ಡಾಕ್ಟರವರೆಗೆ ಏಕೆ ಬರಲಿಲ್ಲವೋ.

ಈಗ ನಿಮ್ಮನ್ನು ಕೇಳೋದು ಎರಡು. ನಿಮ್ಮ ಕಡೆ 'ಡಾಕ್ಟ್ರಮ್ಮ' ಅಂದರೆ ಡಾಕ್ಟರ ಹೆಂಡತಿ ಅನ್ನೋ ಅರ್ಥವೂ ಇದೆಯಾ? ಧಾರವಾಡ, ಮಂಗಳೂರು ಕಡೆಯವರು ಹೇಳಿ. ಮತ್ತೆ, 'ವೈದ್ಯೆ' ಅಚ್ಚಿನಲ್ಲಿ ಎಷ್ಟು ಹಿಂದಿನಿಂದ ಕಾಣುತ್ತದೆ? ಹಳೆಯ ಪತ್ರಿಕೆ ಇಟ್ಟುಕೊಂಡಿರುವವರು ಒಂದು ಸಾಲು ಕಳಿಸಿದರೆ ಸಾಕು. ಕರಡು ಶುಕ್ರವಾರ ಪ್ರೆಸ್ಸಿಗೆ ಹೋಗುತ್ತದೆ.